ಬರೀ ಅಡಿಕೆ ಅಷ್ಟೇ ಡಾಕ್ಟ್ರೇ

ನಾಲ್ಕು ದಿನದಿಂದ ಫೋನ್ ಎತ್ತಿಲ್ಲ ಅಂತ ಬೈಕೊಂಡವರಿಗೆಲ್ಲ ಒಟ್ಟಿಗೇ ಉತ್ತರ. ಬೆಂಗಳೂರಲ್ಲೇ ಇದ್ದೇನೆ, ಕ್ಯಾನ್ಸರ್ ಆಸ್ಪತ್ರೆಯ ಕಾರಿಡಾರಿನಲ್ಲಿ. ಅಪ್ಪಚ್ಚಿಯ, ಅಂದ್ರೆ ಅಪ್ಪನ ತಮ್ಮನ, ಆಪರೇಷನ್ ಮುಗೀತು. ಎಡಗಡೆ ದವಡೆ ಅರ್ಧ ಹೋಯ್ತು, ಕೆನ್ನೆಯ ಒಳಭಾಗವೂ ಹೋಯ್ತು. ಅಲ್ಲಿಗೆ ಎದೆಯಿಂದ ಚರ್ಮ ಮಾಂಸ ತಂದು ಹೊಲಿದಿದ್ದಾರೆ. ಮೂಗಿನಲ್ಲಿ ಪೈಪು. ರಾಗಿ ಗಂಜಿಯನ್ನ ಬಟ್ಟೆಯಲ್ಲಿ ಸೋಸಿ ಸಿರಿಂಜಿನಲ್ಲಿ ಬಿಡೋದು ನಾನು ಕಲಿತ ಹೊಸ ವಿದ್ಯೆ. ಪಕ್ಕದ ಬೆಡ್ಡಿನವರಿಗೆ ಇದೇ ಆಪರೇಷನ್ ಆಗಿ ಒಂದು ವರ್ಷ ಆಯ್ತಂತೆ, ಈಗ ಬೇರೇನೋ ತೊಂದರೆಗೆ ಬಂದಿದ್ದಾರೆ. ಎದೆಯ ಚರ್ಮ ಅಲ್ವಾ, ಬಾಯೊಳಗೆ ಕೂದಲು ಬೆಳೀತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದರು. ಬರೆದು, ನನ್ನ ಮುಖ ನೋಡಿ ಕಣ್ಣಲ್ಲೇ ನಕ್ಕರು.

ಇಷ್ಟೇ ಆಗಿದ್ರೆ ಸುಮ್ಮನಿರ್ತಿದ್ದೆ. ಇವತ್ತು ಬೆಳಿಗ್ಗೆ ನಮ್ಮ ಕಡೆಯ ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಅಡಿಕೆಯಿಂದ ಕ್ಯಾನ್ಸರ್ ಬರೋದಿಲ್ಲವಂತೆ, ಬಂದ ಕ್ಯಾನ್ಸರನ್ನೇ ಅದು ಗುಣಪಡಿಸ್ತದಂತೆ, ಎಲ್ಲರಿಗೂ ಕಳಿಸಬೇಕಂತೆ. ಕೆಳಗೆ ಸಾಲು ಸಾಲು ಚಪ್ಪಾಳೆ. ಚಪ್ಪಾಳೆ ತಟ್ಟಿದವರಲ್ಲಿ ಇಬ್ಬರು ಹಿಂದಿನ ವಾರವಷ್ಟೇ ಅಪ್ಪಚ್ಚಿಯನ್ನ ನೋಡೋಕೆ ಮೂಸಂಬಿ ಹಿಡ್ಕೊಂಡು ಬಂದಿದ್ದವರು. (ಎರಡು ಬೆರಳಗಲ ಬಾಯಿ ಬಿಡೋಕಾಗದ ಮನುಷ್ಯನಿಗೆ ಮೂಸಂಬಿ. ಇರಲಿ.)

ಮೊದಲ ದಿನ ಓಪಿಡಿಯಲ್ಲಿ ನಡೆದದ್ದು ಹೇಳ್ತೇನೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ತಲೆ ಎತ್ತದೆ ಕೇಳಿದರು, "ಏನೇನು ಹಾಕ್ತೀರಿ ಯಜಮಾನ್ರೇ? ಗುಟ್ಕಾ, ಹೊಗೆಸೊಪ್ಪು, ಬೀಡಿ?"

"ಛೆ ಛೆ, ಅದೆಲ್ಲ ಇಲ್ಲ. ಬರೀ ಅಡಿಕೆ ಅಷ್ಟೇ ಡಾಕ್ಟ್ರೇ."

"ಎಷ್ಟು ವರ್ಷದಿಂದ?"

ಅಪ್ಪಚ್ಚಿ ನನ್ನ ಮುಖ ನೋಡಿದರು. ಆಮೇಲೆ ಹೇಳಿದರು, "ಉಪನಯನ ಆದಲ್ಲಿಂದ."

ಆ 'ಬರೀ'! ಅದರ ಮೇಲೇ ನನ್ನ ಸಿಟ್ಟು. ಹೊಗೆಸೊಪ್ಪಿನ ವಾಸನೆಗೇ ಬಿಕ್ಕಳಿಕೆ ಬರ್ತಿದ್ದ ಮನುಷ್ಯ ಅಪ್ಪಚ್ಚಿ, ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಕಾರಿಡಾರಿನಲ್ಲಿ ಕಿವಿಗೊಟ್ಟು ಕೂತರೆ ಇದೊಂದೇ ಮಾತು ಬೇರೆ ಬೇರೆ ಊರಿನ ದನಿಯಲ್ಲಿ ಕೇಳ್ತದೆ. ಗುಟ್ಕಾ ಹಾಕೋನು 'ಬೀಡಿ ಸೇದಲ್ಲ ಸಾರ್' ಅಂತಾನೆ, ಪಾನ್ ಮಸಾಲದವನು 'ಗುಟ್ಕಾ ಮುಟ್ಟಲ್ಲ' ಅಂತಾನೆ, ನಾವು ಮಲೆನಾಡಿನವರು ಎಲ್ಲರಿಗಿಂತ ಮಡಿವಂತರು, 'ಬರೀ ಅಡಿಕೆ'.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನ ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ ಸೇರಿಸಿದೆ. ತಂಬಾಕು, ಮದ್ಯ, ಕಲ್ನಾರು ಎಲ್ಲ ಇರೋ ಗುಂಪು ಅದು. ಹೊಗೆಸೊಪ್ಪು ಹಾಕದ ಕವಳವೂ, ಅಂದ್ರೆ ಎಲೆಯಡಿಕೆಯೂ, ಅದರಲ್ಲೇ ಇದೆ. ಆ ಗುಂಪು ಹೇಳೋದು ಪುರಾವೆ ಎಷ್ಟು ಗಟ್ಟಿ ಅಂತ ಮಾತ್ರ, ಅಪಾಯ ಎಷ್ಟು ಅಂತ ಅಲ್ಲ ಅಂತ ಗ್ರೂಪಿನ ಪಂಡಿತರೊಬ್ಬರು ಬುದ್ಧಿ ಹೇಳಿದರು. ಸರಿ ಮಹಾರಾಯರೇ. ಪುರಾವೆ ಗಟ್ಟಿ ಅಂತ ನೀವೇ ಒಪ್ಪಿದ ಹಾಗಾಯ್ತಲ್ಲ! ಅದೇ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಪ್ರಪಂಚದ ಬಾಯಿ ಕ್ಯಾನ್ಸರುಗಳಲ್ಲಿ ಸುಮಾರು ಮೂರರಲ್ಲೊಂದು ಅಗಿಯೋ ತಂಬಾಕು ಮತ್ತು ಅಡಿಕೆಯಿಂದ ಬಂದದ್ದು, ಅದರಲ್ಲಿ ಅತಿ ದೊಡ್ಡ ಪಾಲು ನಮ್ಮ ದೇಶದ್ದು.

ಕ್ಯಾನ್ಸರು ದೂರದ ಮಾತು ಅನ್ನೋರಿಗೆ ಹತ್ತಿರದ್ದೊಂದು ಹೇಳ್ತೇನೆ. ಓಪಿಡಿ ಸಾಲಿನಲ್ಲಿ ನಮ್ಮ ಮುಂದೆ ಇದ್ದ ಹುಡುಗನಿಗೆ ಮೀಸೆ ಈಗಷ್ಟೇ ಚಿಗುರಿದೆ. ಪಾನಿಪುರಿ ಬಾಯೊಳಗೆ ಹೋಗಲ್ಲ, ಖಾರ ತಾಗಿದ್ರೆ ಉರಿ. ಅಡಿಕೆಯಲ್ಲಿರೋ ಅರೆಕೊಲಿನ್ ಅನ್ನೋ ರಾಸಾಯನಿಕ ಕೆನ್ನೆಯ ಒಳಗಿನ ಮೆತ್ತನೆ ಪದರವನ್ನ ನಾರುನಾರು ಮಾಡಿಬಿಡ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಕೆನ್ನೆ ಒಳಗೆ ಬೆರಳಾಡಿಸಿದ್ರೆ ಹಗ್ಗ ಬಿಗಿದ ಹಾಗೆ ಸಿಗ್ತದಂತೆ. ಅಡಿಕೆ ಬಿಟ್ರೆ ಹೆಚ್ಚಾಗೋದು ನಿಲ್ಲಬಹುದು, ಆದ ನಾರು ಮತ್ತೆ ಮೆತ್ತಗಾಗೋದು ಕಷ್ಟ. ಇದು ಬಂದವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗ್ತದೆ. ಆ ಹುಡುಗನ ಜೇಬಿನಲ್ಲಿದ್ದದ್ದು ಜೋಡಿ ಪ್ಯಾಕೆಟ್. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ಬ್ಯಾನ್ ಆಯ್ತಲ್ಲ, ಅವತ್ತಿಂದ ಪಾನ್ ಮಸಾಲ ಬೇರೆ, ತಂಬಾಕು ಬೇರೆ. ಅಂಗಡಿಯವ ಎರಡನ್ನೂ ಒಟ್ಟಿಗೇ ಹರಿದು ಕೊಡ್ತಾನೆ, ಗಿರಾಕಿ ಅಂಗೈಯಲ್ಲಿ ಬೆರೆಸ್ಕೊಳ್ತಾನೆ. ಕಾನೂನು ಪಾಲನೆ ಅಂದ್ರೆ ಇದಪ್ಪಾ! ಆಸ್ಪತ್ರೆಯಿಂದ ಸ್ವಲ್ಪ ದೂರದಲ್ಲೇ ಅಂಥ ಮಾಲೆ ತೂಗಾಡೋ ಗೂಡಂಗಡಿ ಇದೆ. ಟೀಗೆ ನಾನೂ ಅಲ್ಲಿಗೇ ಹೋಗೋದು.

ಹಾಗಾದ್ರೆ ಅಜ್ಜಿ? ಈ ಪ್ರಶ್ನೆ ಬಂದೇ ಬರ್ತದೆ. 'ನಮ್ಮಜ್ಜಿ ತೊಂಬತ್ತರವರೆಗೂ ಕವಳ ಹಾಕಿದ್ರು, ಏನಾಗಿತ್ತು?' ಏನೂ ಆಗಿರಲಿಲ್ಲ, ಪುಣ್ಯವಂತೆ. ನನ್ನಜ್ಜಿಗೂ ಏನೂ ಆಗಲಿಲ್ಲ. ತೋಟಕ್ಕೆ ಕೊಳೆ ರೋಗ ಬಂದಾಗಲೂ ಎಲ್ಲ ಮರದ ಕಾಯಿ ಉದುರಿರಲಿಲ್ಲ, ಹಾಗಂತ ಬೋರ್ಡೋ ಔಷಧಿ ಹೊಡೆಯೋದು ಬಿಟ್ಟಿದ್ವಾ? ಎಲೆಚುಕ್ಕಿ ರೋಗ ಬಂತು ಅಂದಾಗ ನೆನಪಿದೆಯಾ, ಸೋಗೆ ಸೋಗೆ ತಿರುವಿ ನೋಡಿದ್ವಿ. ವಿಜ್ಞಾನಿಗಳನ್ನ ಕರೆಸಿದ್ವಿ, ಸಭೆ ಮಾಡಿದ್ವಿ. ಅಪ್ಪಚ್ಚಿಯ ಕೆನ್ನೆ ಒಳಗಿನ ಬಿಳಿ ಮಚ್ಚೆಯನ್ನ ಮಾತ್ರ ಯಾರೂ ತಿರುವಿ ನೋಡಲಿಲ್ಲ. ಪೇಟೆಯ ಡಾಕ್ಟರು ಐದು ತಿಂಗಳು ಬಿ-ಕಾಂಪ್ಲೆಕ್ಸ್ ಕೊಟ್ಟರು, ಹಚ್ಚಿಕೊಳ್ಳೋಕೆ ಜೆಲ್ ಕೊಟ್ಟರು. ಒಂದು ದಿನ ಬಾಯೊಳಗೆ ಟಾರ್ಚ್ ಬಿಡಲಿಲ್ಲ. ಹೊಟ್ಟೆಯೊಳಗಿನ, ಶ್ವಾಸಕೋಶದೊಳಗಿನ ಗಡ್ಡೆಗೆ ಸ್ಕ್ಯಾನು ಬೇಕು. ಬಾಯಿಗೆ ಏನು ಬೇಕು? ಮೂರು ವಾರ ಆದರೂ ಮಾಯದ ಹುಣ್ಣು ಅಂದ್ರೆ ಪರೀಕ್ಷೆ ಮಾಡಿಸ್ಬೇಕು ಅಂತ ಇಲ್ಲಿ ಗೋಡೆಗೋಡೆಗೂ ಬರೆದಿದ್ದಾರೆ. ಇಲ್ಲಿಗೆ ಬಂದ ಮೇಲೆ ಓದಿ ಏನು ಪ್ರಯೋಜನ?

ಇನ್ನು ಬೆಳೆಗಾರರ ಹೊಟ್ಟೆಪಾಡು. ಅದನ್ನ ನನಗೆ ಹೇಳಬೇಡಿ. ನಾನು ಓದಿದ್ದು ಅಡಿಕೆ ದುಡ್ಡಲ್ಲಿ, ತಂಗಿ ಮದುವೆ ಆದದ್ದು ಅಡಿಕೆ ದುಡ್ಡಲ್ಲಿ. ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದವ ನಾನು, ಚೊಗರಿನ ಕಲೆ ಪರೀಕ್ಷೆ ಹಾಲಿಗೂ ಬರ್ತಿತ್ತು. ನಿನ್ನೆ ಸಂಜೆ ಅಪ್ಪಯ್ಯ ಫೋನ್ ಮಾಡಿ, ರಾಶಿ ಅಡಿಕೆಗೆ ರೇಟು ಸ್ವಲ್ಪ ಏರಿದೆ, ಮಂಡಿಗೆ ಹಾಕಿಬಿಡ್ತೇನೆ, ಆಸ್ಪತ್ರೆಗೆ ಕಟ್ಟು ಅಂದರು. ನನಗೆ ಖುಷಿಯೇ ಆಯ್ತು. ಅಪ್ಪಚ್ಚಿಯ ರೇಡಿಯೇಷನ್ ನಡೆಯೋದೂ ಅಡಿಕೆಯಿಂದಲೇ. ಗುಣಪಡಿಸ್ತದೆ ಅಂದರಲ್ಲ, ಅದು ಇದೇ ಇರಬೇಕು!

ತೋಟ ಕಡೀರಿ ಅಂತ ನಾನು ಹೇಳ್ತಿಲ್ಲ. ನಾನೇ ಕಡಿಯೋದಿಲ್ಲ. ಸುಳ್ಳು ಫಾರ್ವರ್ಡ್ ಮಾಡಬೇಡಿ ಅಂತಿದ್ದೇನೆ, ಅಷ್ಟೇ. ಗ್ರೂಪಿನಿಂದ ತೆಗೀತೀರಾ, ತೆಗೀರಿ.

ಅಂದ ಹಾಗೆ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹೋಗ್ತದಾ ನೋಡ್ಕೊಳ್ಳಿ, ಡಾಕ್ಟರಮ್ಮ ಆ ಹುಡುಗನಿಗೆ ಹಾಗೇ ಮಾಡಿಸಿದ್ದು. ನಾನು ಆಸ್ಪತ್ರೆಯ ಬಾತ್‌ರೂಮಿನ ಕನ್ನಡಿ ಮುಂದೆ ಮಾಡಿ ನೋಡಿದೆ. ಎರಡು ಸಲೀಸಾಗಿ ಹೋಯ್ತು. ಮೂರನೇದು ಬಿಗಿ.

ಆಪರೇಷನ್ನಿಗೆ ಕರ್ಕೊಂಡು ಹೋಗುವಾಗ ನರ್ಸು ಅಪ್ಪಚ್ಚಿಯ ಜನಿವಾರ, ಉಂಗುರ, ಕವಳದ ಸಂಚಿ ಮೂರನ್ನೂ ನನ್ನ ಕೈಗೆ ಕೊಟ್ಟಿದ್ದರು. ಸಂಚಿ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ನಿನ್ನೆ ರಾತ್ರಿ ನಿದ್ದೆ ಬರದೆ ಕೂತಿದ್ದಾಗ ಎರಡು ಸಲ ಅದರೊಳಗೆ ಕೈ ಹೋಯ್ತು. ಒಂದು ಸಲ ಬರಿಗೈಲಿ ವಾಪಸ್ ಬಂತು.