ಮಕ್ಕಳ ಬಾಯಿಗೆ ಟಿಸಿ ಬೀಗ ಬೇಡ

ಶೌಚಾಲಯದ ಬಗ್ಗೆ ದೂರು ಹೇಳಿದ ಮಕ್ಕಳಿಗೆ ಟಿಸಿ (ವರ್ಗಾವಣೆ ಪತ್ರ) ಕೊಟ್ಟು ಶಾಲೆಯಿಂದ ಕಳಿಸುವುದು ಶಿಸ್ತಿನ ಕ್ರಮವೇ ಅಂತ ಲೇಖನವೊಂದು ಕೇಳಿದೆ. ಖಂಡಿತ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಂ ಹೊಡೆತದ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಒಂಬತ್ತು, ಹತ್ತನೇ ತರಗತಿಗೆ 16ರ ರಕ್ಷಣೆ ಇಲ್ಲ, ಬೆದರಿಕೆ ಹೆಚ್ಚು ನಡೆಯುವುದೂ ಅಲ್ಲೇ. ಆದರೆ ಸಂವಿಧಾನದ 19(1)(ಎ) ವಿಧಿ ಕೊಡುವ ಮಾತಿನ ಸ್ವಾತಂತ್ರ್ಯ ಶಾಲೆಯ ಗೇಟಿನ ಹೊರಗೆ ನಿಲ್ಲುವುದಿಲ್ಲ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ಹಾಡದೆ ಇದ್ದದ್ದಕ್ಕೆ ಕೇರಳದ ಮೂವರು ಮಕ್ಕಳನ್ನು ಹೊರಹಾಕಿದಾಗ, ವಾಪಸ್ ಸೇರಿಸಿಕೊಳ್ಳಿ ಅಂತ 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ಹಾಸನದ ಕಡೆ ಹಳ್ಳಿಗಳಲ್ಲಿ ಕೈಗೆಟುಕುವ ದಾರಿ ಮಕ್ಕಳ ಗ್ರಾಮಸಭೆ, ಅಂದರೆ ಮಕ್ಕಳು ತಮ್ಮ ತೊಂದರೆಗಳನ್ನು ಗ್ರಾಮ ಪಂಚಾಯಿತಿಯ ಮುಂದೆ ಹೇಳುವ ಸಭೆ. ಅದು ಕೆಡುವುದು ಎರಡು ಕಡೆ. ಮೇಷ್ಟ್ರು ಬರೆದುಕೊಟ್ಟ ಭಾಷಣವನ್ನು ಮಕ್ಕಳು ಒಪ್ಪಿಸುತ್ತಾರೆ. ಹೇಳಿದ್ದು ನಡವಳಿ ಪುಸ್ತಕಕ್ಕೆ ಇಳಿಯುವುದೇ ಇಲ್ಲ. ಅದಕ್ಕೇ ಸಭೆಗೆ ಮುಂಚೆಯೇ ಮಕ್ಕಳಿಂದ ಹೆಸರಿಲ್ಲದ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಸಂಗ್ರಹಿಸಿ. ಬೀಗದ ಕೈ ಮುಖ್ಯ ಶಿಕ್ಷಕರ ಬಳಿ ಇರಬಾರದು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಬ್ಬ ತಾಯಿಯ ಬಳಿ ಇರಲಿ. "ಸೌಲಭ್ಯ ಸರಿಯಿಲ್ಲ" ಅಂದರೆ ಯಾರೂ ಕದಲುವುದಿಲ್ಲ. "ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ, ಒಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು" ಅಂತ ಬರೆದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಉತ್ತರ ಕೊಡಲೇಬೇಕಾಗುತ್ತದೆ. ಅರ್ಜಿ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ಬೆದರಿಕೆ ಬಂದರೆ ಪೋಷಕರು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಬರವಣಿಗೆಯಲ್ಲೇ ದೂರು ಕೊಡಲಿ. ತುರ್ತಾದರೆ ಮಕ್ಕಳ ಸಹಾಯವಾಣಿ 1098. ಮತ್ತೆ, ಟಿಸಿಗೆ ನೀವೇ ಅರ್ಜಿ ಬರೆದುಕೊಡಿ ಅಂತ ಒತ್ತಾಯಿಸಿದರೆ ದಯವಿಟ್ಟು ಸಹಿ ಹಾಕಬೇಡಿ. ಹಾಕಿದರೆ ಹೊರಹಾಕಿದ್ದು ದಾಖಲೆಯಲ್ಲಿ "ಪೋಷಕರ ಇಚ್ಛೆ" ಆಗಿಬಿಡುತ್ತದೆ.