ಮೂರು ಜನ, ನೂರೈವತ್ತು ಸಹಿ

ಅಮೆರಿಕದ ಟೆಕ್ಸಾಸಿನಲ್ಲಿ, ನ್ಯೂ ಮೆಕ್ಸಿಕೋ ಗಡಿಗೆ ಅಂಟಿಕೊಂಡು ಲವಿಂಗ್ ಕೌಂಟಿ ಅಂತ ಒಂದಿದೆ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದಂತೆ. 2020ರ ಜನಗಣತಿಯಲ್ಲಿ ಇಲ್ಲಿ ಸಿಕ್ಕವರು 64 ಜನ. ಮುಂದೆ ಸೊನ್ನೆ ಬಿಟ್ಟುಹೋಗಿಲ್ಲ, ಅಷ್ಟೇ ಜನ. ಮದುವೆಮನೆಯ ಒಂದೇ ಪಂಕ್ತಿಯಲ್ಲಿ ಇಡೀ ಜಿಲ್ಲೆ ಊಟ ಮುಗಿಸಿ ಎದ್ದುಹೋಗಬಹುದು. ಜಾಗ ಮಾತ್ರ ಸುಮಾರು 1,750 ಚದರ ಕಿಲೋಮೀಟರ್. ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೇಳೋಕೆ ಹೋಗಬೇಕಾದ್ರೂ ಪೆಟ್ರೋಲ್ ಹಾಕಿಸಬೇಕು.

ಜನ ಕಮ್ಮಿ ಅಂತ ಸರ್ಕಾರ ಕಮ್ಮಿಯಾಗುತ್ತಾ? ಮೆಂಟೋನ್ ಅನ್ನೋ ಪುಟ್ಟ ಊರಿನಲ್ಲಿ 1935ರಲ್ಲಿ ಕಟ್ಟಿದ ಇಟ್ಟಿಗೆಯ ಕೋರ್ಟ್‌ಹೌಸ್ ಇದೆ. ಅಲ್ಲಿ ಕೌಂಟಿ ಜಡ್ಜ್, ನಾಲ್ಕು ಕಮಿಷನರುಗಳು, ಶೆರಿಫ್ ಅಂದ್ರೆ ಪೊಲೀಸ್ ಮುಖ್ಯಸ್ಥ, ಕ್ಲರ್ಕ್ ಎಲ್ಲರೂ ಇದ್ದಾರೆ. ಎಲ್ಲವೂ ಚುನಾವಣೆಯಲ್ಲಿ ಗೆದ್ದು ಕೂರುವ ಕುರ್ಚಿಗಳೇ. ಒಬ್ಬ ಕಮಿಷನರ್ ಪಾಲಿಗೆ ಸರಾಸರಿ 16 ಪ್ರಜೆಗಳು, ಕೂಸುಗಳನ್ನೂ ಸೇರಿಸಿ. ಶಾಲೆ ಮಾತ್ರ ಇಲ್ಲ, ಮಕ್ಕಳು ಪಕ್ಕದ ಕೌಂಟಿಗೆ ಹೋಗಿ ಕಲಿಯುತ್ತಾರೆ.

ಇಷ್ಟು ಜನಕ್ಕೆ ಇಷ್ಟು ಕುರ್ಚಿ ಯಾಕೆ, ಅದಕ್ಕೆ ಜಗಳ ಯಾಕೆ ಅಂತೀರಾ? ಕಾಲಡಿ ಎಣ್ಣೆ ಇದೆ ಸ್ವಾಮಿ. ಪರ್ಮಿಯನ್ ಬೇಸಿನ್ ಅನ್ನೋ ದೊಡ್ಡ ತೈಲ ಪ್ರದೇಶದ ಕಚ್ಚಾ ಎಣ್ಣೆ. ತೆರಿಗೆ ಅಂತ ಕೋಟಿಗಟ್ಟಲೆ ಡಾಲರ್ ಬಂದು ಬೀಳುತ್ತದೆ. ಹಾಗಾಗಿ ಚುನಾವಣೆ ಬಂತೆಂದರೆ, ವರ್ಷವಿಡೀ ಬೇರೆ ಕಡೆ ಮನೆ ಮಾಡಿಕೊಂಡಿರುವವರಿಗೂ ತವರಿನ ನೆನಪು ಉಕ್ಕಿ ಬರುತ್ತದೆ. ಜನಗಣತಿಯಲ್ಲಿ ಸಿಕ್ಕ ತಲೆಗಳಿಗಿಂತ ಮತದಾರರ ಪಟ್ಟಿಯಲ್ಲಿರುವ ಹೆಸರುಗಳೇ ಜಾಸ್ತಿ!

ಇದು ಇತ್ತೀಚಿನ ಚಾಳಿ ಅಂದ್ಕೋಬೇಡಿ. 1890ರ ಜನಗಣತಿಯಲ್ಲಿ ಇಲ್ಲಿದ್ದವರು ಬರೀ ಮೂವರು. 1893ರಲ್ಲಿ, ನೀರಾವರಿ ಮಾಡ್ತೀವಿ ಅಂತ ಬಂದವರ ಕಾಲದಲ್ಲಿ, ನಮಗೊಂದು ಕೌಂಟಿ ಕೊಡಿ ಅಂತ ಹೋದ ಅರ್ಜಿಗೆ ಸಹಿ ಹಾಕಿದ ಮತದಾರರು 150. ಮೂರು ವರ್ಷದಲ್ಲಿ ಐವತ್ತು ಪಟ್ಟು! ಮೊಲಗಳೂ ನಾಚಬೇಕು. ಕೌಂಟಿಯೇನೋ ಸಿಕ್ಕಿತು, ಆದರೆ 1897ರಲ್ಲಿ ಅದನ್ನೇ ರದ್ದು ಮಾಡಿದರು. ಎಣ್ಣೆ ಸಿಕ್ಕ ಮೇಲೆ 1931ರಲ್ಲಿ ಮತ್ತೆ ಕೌಂಟಿಯಾಯಿತು. ಟೆಕ್ಸಾಸಿನ 254 ಕೌಂಟಿಗಳಲ್ಲಿ ಎರಡು ಸಲ ಹುಟ್ಟಿದ್ದು ಇದೊಂದೇ, ಹುಟ್ಟುಗುಣ ಮಾತ್ರ ಎರಡು ಸಲಕ್ಕೂ ಒಂದೇ.

ಇನ್ನು ಜ್ಯೂರಿ ಕಥೆ ಕೇಳಿ. ಜ್ಯೂರಿ ಅಂದ್ರೆ ಕೋರ್ಟಿನಲ್ಲಿ ಕೂತು ಕೇಸು ಕೇಳಿ ತೀರ್ಪು ಹೇಳೋಕೆ ಕರೆಸುವ ಸಾಮಾನ್ಯ ಪ್ರಜೆಗಳು. ದೊಡ್ಡ ಕೇಸಿಗೆ 12 ಜನ ಬೇಕು. ಮಕ್ಕಳನ್ನು ಬಿಡಿ, ಕುರ್ಚಿಯಲ್ಲಿ ಕೂತವರನ್ನು ಬಿಡಿ, ಆರೋಪಿಯ ಅಣ್ಣತಮ್ಮ, ಭಾವ, ಷಡ್ಡಕ, ಅವನ ಮೇಲೆ ಹಳೇ ಸಿಟ್ಟಿರೋರು, ಎಲ್ಲರನ್ನೂ ಬಿಟ್ಟರೆ ಉಳಿಯೋದು ಯಾರು, ಕೋರ್ಟಿನ ಬೆಂಚು ತಾನೇ? ಬೇರೆ ಕಡೆ ಜ್ಯೂರಿಗೆ ಬಾರದವರ ಮೇಲೆ ಕ್ರಮ ಆಗುತ್ತೆ. ಇಲ್ಲಿ 2022ರಲ್ಲಿ, ಕರೆದಿದ್ದಕ್ಕೆ ಬಂದ ಕೆಲವರನ್ನೇ ಹಿಡಿಸಿದರು. ಅವರು ಮಾಡಿದ ತಪ್ಪು ಏನು ಗೊತ್ತಾ? 'ನೀವು ಈ ಊರಿನವರೇ ಅಲ್ಲ, ಇಲ್ಲಿಗ್ಯಾಕೆ ಬಂದ್ರಿ' ಅಂತ.