ಕೊನೆಗೆ ಆಡಿದ ಕಾರ್ಡೇ ಗೆಲ್ಲಬೇಕೆಂದಿಲ್ಲ

ನಿಮ್ಮ ಬರಹದಲ್ಲಿ 'ಎರಡು ಕಾರ್ಡ್‌ಗಳು ಒಂದಕ್ಕೊಂದು ಅಡ್ಡ ಬಂದರೆ ಕೊನೆಗೆ ಆಡಿದ್ದೇ ನಡೆಯುತ್ತದೆ' ಎಂದು ಬರೆದಿದ್ದೀರಿ. ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದಲ್ಲಿ ಇದು ತಪ್ಪು.

ಹೋದ ಭಾನುವಾರ ಜಯನಗರದಲ್ಲಿ ಗೆಳೆಯನ ಮನೆಯಲ್ಲಿ ಇದೇ ವಾದ ನಡೆಯಿತು. ದಾಳಿಗೆ ಬಿಟ್ಟ ನನ್ನ 2/2 ಕರಡಿಯನ್ನು (ಮೊದಲ ಅಂಕಿ ಹೊಡೆಯುವ ಬಲ, ಎರಡನೆಯದು ತಾಳುವ ಬಲ) ಅವನು 3/3 ಜೀವಿಯೊಂದನ್ನು ಇಟ್ಟು ತಡೆದ. ನಾನು ಎರಡೂ ಅಂಕಿಗೆ ಮೂರು ಕೂಡಿಸುವ ಜೈಂಟ್ ಗ್ರೋತ್ ಕಾರ್ಡ್ ಹಾಕಿ ಕರಡಿಯನ್ನು 5/5 ಮಾಡಿದೆ. ಅವನು ಜೀವಿಯನ್ನು ಮೂಲ ಬಲ 1/1 ಇರುವ ಕಪ್ಪೆಯಾಗಿಸುವ ಟರ್ನ್ ಟು ಫ್ರಾಗ್ ಹಾಕಿ, "ಈಗ ಅದು 1/1 ಕಪ್ಪೆ, ಸತ್ತೋಯ್ತು" ಅಂದ. ಸಾಯಲಿಲ್ಲ! ಮೂಲ ಬಲವನ್ನೇ ಬದಲಿಸುವ ಕಾರ್ಡ್ ಯಾವಾಗ ಬಂದರೂ ಅದರ ಲೆಕ್ಕ ಮೊದಲು. ಕೂಡಿಸುವುದು ಆಮೇಲೆ. ಹಾಗಾಗಿ 1/1ಕ್ಕೆ ಮೂರು ಮೂರು ಕೂಡಿ ಕಪ್ಪೆ 4/4, ಸತ್ತದ್ದು ಅವನ 3/3.

ಯಾವುದು ಮೊದಲು ಬಂತು ಅನ್ನುವ ಪ್ರಶ್ನೆ ಏಳುವುದು ಎರಡೂ ಒಂದೇ ಲೇಯರ್‌ನಲ್ಲಿ, ಅಂದರೆ ಲೆಕ್ಕದ ಒಂದೇ ಹಂತದಲ್ಲಿ, ಇದ್ದಾಗ ಮಾತ್ರ. ಅಲ್ಲೂ ಸುಮ್ನೆ ನಂಬುವ ಹಾಗಿಲ್ಲ. ಬೇಸಿಕ್ ಅಲ್ಲದ ಭೂಮಿ ಕಾರ್ಡ್‌ಗಳನ್ನೆಲ್ಲ ಮೌಂಟನ್ (ಬೆಟ್ಟ) ಮಾಡುವ ಬ್ಲಡ್ ಮೂನ್ ಇದ್ದರೆ, ಎಲ್ಲ ಭೂಮಿಯನ್ನೂ ಜೌಗು ಕೂಡ ಆಗಿಸುವ ಅರ್ಬೋರ್ಗ್ ಎಂಬ ಭೂಮಿ ಕಾರ್ಡ್ ಮೊದಲು ಬಂದಿರಲಿ, ಆಮೇಲೆ ಬಂದಿರಲಿ, ಬರೀ ಮೌಂಟನ್ ಆಗುತ್ತದೆ, ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನು ಒಂದು ಕಾರ್ಡ್ 'ಮಾಡಬಹುದು', ಇನ್ನೊಂದು 'ಮಾಡುವಂತಿಲ್ಲ' ಅಂದರೆ, 'ಮಾಡುವಂತಿಲ್ಲ' ಅನ್ನುವುದೇ ಮೇಲು.

ದಯವಿಟ್ಟು ಆ ಸಾಲು ತಿದ್ದಿ. ಹೊಸದಾಗಿ ಕಲಿಯುವ ಮಕ್ಕಳು ಅದನ್ನೇ ನಂಬಿ ಟೂರ್ನಮೆಂಟ್‌ಗೆ ಹೋಗುತ್ತಾರೆ, ಅಲ್ವಾ?